ಭಾನುವಾರದ ರೈಲೂ ನಕಾಶೆ ಕಂಡ ದಾರಿಯೂ

ಬೆಂಗಳೂರು ನಗರದ ಮಹಾಜನರು ವಾರಕ್ಕೊಮ್ಮೆ ದೊರೆಯುವ ಬಿಡುವಿನ ದಿನವನ್ನು ಹೇಗೆ ಕಳೆಯಬೇಕೆಂಬುದು ಅಗ್ರಲೇಖನಕ್ಕೆ ತಕ್ಕ ವಿಷಯವೇ ಎಂದು ಕೆಲವರು ಕೇಳಬಹುದು. ತೆರಿಗೆ, ಕುಡಿಯುವ ನೀರು, ಚುನಾವಣೆ ಮೊದಲಾದ ಭಾರವಾದ ಸಂಗತಿಗಳ ನಡುವೆ ಕಾಲ್ನಡಿಗೆಯ ಮಾತು ಹಗುರವಾಗಿ ಕಾಣುವುದು ಸಹಜವೇ. ಆದರೆ ಬೆಳಗಿನ ರೈಲಿನಲ್ಲಿ ಹೊರಟು, ಹಳ್ಳಿಗಾಡಿನ ಒಂದು ಚಿಕ್ಕ ಸ್ಟೇಷನ್ನಿನಲ್ಲಿಳಿದು, ಹಗಲೆಲ್ಲ ನಡೆದು, ಸಂಜೆಯ ರೈಲಿಗೆ ಮನೆಗೆ ಮರಳುವ ಸರಳವಾದ ಸೌಕರ್ಯವು ನಮ್ಮ ನಾಡಿನಲ್ಲಿ ಸದ್ದಿಲ್ಲದೆ ಕ್ಷೀಣಿಸುತ್ತಲಿದೆ. ಅದು ಕ್ಷೀಣಿಸಿದರೆ ನಷ್ಟವಾಗುವುದು ಕೇವಲ ವಿನೋದವಲ್ಲ. ಆದಕಾರಣ ಈ ವಿಷಯವನ್ನು ಸರಕಾರದವರ ಮತ್ತು ವಾಚಕರ ಗಮನಕ್ಕೆ ತರುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ದೃಷ್ಟಾಂತಕ್ಕೆ ದೂರ ಹೋಗಬೇಕಾದುದಿಲ್ಲ. ನಮ್ಮ ನಗರದಿಂದ ಯಲಹಂಕದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲುಹಾದಿಯನ್ನೇ ತೆಗೆದುಕೊಳ್ಳೋಣ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಎರಡೂವರೆ ಅಡಿ ಅಗಲದ ಕಿರುಹಳಿಯ ಮೇಲೆ ಪ್ರಾರಂಭವಾದ ಹಾದಿ ಇದು. ಅಂದಿನ ಮೈಸೂರು ಸೀಮೆಯ ಜನರು ಪರರ ಕೃಪೆಗೆ ಕಾಯದೆ ತಮ್ಮ ಹಳ್ಳಿಗಳಿಗೆ ತಾವೇ ರೈಲನ್ನು ಕರೆತರಬೇಕೆಂದು ಹೂಡಿದ ಪ್ರಯತ್ನಗಳಲ್ಲಿ ಇದೂ ಒಂದು. ಇಂದು ಕಿರುಹಳಿ ಹೋಗಿ ಅಗಲ ಹಳಿ ಬಂದಿದೆ. ಚಿಕ್ಕಬಳ್ಳಾಪುರದಿಂದ ಕೋಲಾರದವರೆಗಿನ ತುಂಡೂ 2013ರಲ್ಲಿ ಅಗಲವಾಯಿತು. 2023ರ ಡಿಸೆಂಬರಿನಿಂದ ಮೆಮು ಎಂಬ ವಿದ್ಯುತ್ ಗಾಡಿಗಳೂ ಚಿಕ್ಕಬಳ್ಳಾಪುರದವರೆಗೆ ಓಡತೊಡಗಿದುವು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ವೆಂಕಟಗಿರಿಕೋಟೆ, ನಂದಿ ಹಾಲ್ಟ್ ಎಂಬ ಹೆಸರುಗಳನ್ನು ಕೇಳಿದರೆ ಸಾಕು, ಒಂದು ಸೀಮೆಯ ಚರಿತ್ರೆಯೇ ಕಣ್ಣ ಮುಂದೆ ಹಾದುಹೋಗುತ್ತದೆ. ದೇವನಹಳ್ಳಿ ಟಿಪ್ಪುವಿನ ಜನ್ಮಸ್ಥಳ. ಆವತಿ ನಾಡಪ್ರಭುಗಳ ಮೂಲಸ್ಥಾನ. ಟಿಕೆಟ್ಟಿನ ಬೆಲೆಯಂತೂ ನಗರದ ಒಂದು ಒಳ್ಳೆಯ ಹೋಟೆಲಿನಲ್ಲಿ ಒಬ್ಬನು ತಿಂಡಿ ಕಾಫಿಗೆ ತೆರುವುದಕ್ಕಿಂತ ಕಡಿಮೆ.

ನಂದಿ ಹಾಲ್ಟಿನಲ್ಲಿಳಿದವನಿಗೆ ಬೆಟ್ಟವು ಎದುರಿಗೇ ಇದೆ. ದಾರಿ ತಪ್ಪುವ ಭಯವಿಲ್ಲ. ರಾಗಿಯ ಹೊಲ, ದ್ರಾಕ್ಷಿಯ ಚಪ್ಪರ, ಹಿಪ್ಪುನೇರಳೆಯ ತೋಟ ಇವುಗಳನ್ನು ನೋಡುತ್ತ ನಡೆದರೆ ನಂದಿ ಗ್ರಾಮದ ಭೋಗನಂದೀಶ್ವರನ ಗುಡಿ ಸಿಕ್ಕುತ್ತದೆ. ಒಂಬತ್ತನೆಯ ಶತಮಾನದಷ್ಟು ಹಿಂದಿನ ಮೂಲವುಳ್ಳ ಈ ದೇವಾಲಯಕ್ಕೆ ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ಎಲ್ಲರೂ ತಮ್ಮ ತಮ್ಮ ಕಾಲದಲ್ಲಿ ಏನಾದರೊಂದನ್ನು ಸೇರಿಸಿದ್ದಾರೆ. ಅಲ್ಲಿಯ ಕಲ್ಯಾಣಿಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚದೆ ಗುಡಿಯ ಹೊರಗಿನ ಮರದಡಿಯಲ್ಲಿ ಉಣ್ಣುವಷ್ಟು ವಿವೇಕ ನಮ್ಮ ಪ್ರವಾಸಿಗಳಿಗೆ ಇದ್ದರೆ ಒಳ್ಳೆಯದು. ಬೆಟ್ಟದ ಬುಡದ ಸುಲ್ತಾನಪೇಟೆಯಿಂದ ಮೇಲಕ್ಕೆ ಹಳೆಯ ಮೆಟ್ಟಿಲ ಹಾದಿ ಉಂಟು. 1,700ಕ್ಕೂ ಮಿಕ್ಕ ಆ ಮೆಟ್ಟಿಲುಗಳನ್ನು ಹತ್ತಿ 4,851 ಅಡಿ ಎತ್ತರದ ನೆತ್ತಿಯನ್ನು ಸೇರಿದವನಿಗೆ ಯೋಗನಂದೀಶ್ವರನ ಗುಡಿಯೂ 1791ರಲ್ಲಿ ಇಂಗ್ಲಿಷರು ಲಗ್ಗೆಯಿಟ್ಟು ಹಿಡಿದ ಕೋಟೆಯೂ ಕಾಣುವುವು. ಮಹಾತ್ಮಾ ಗಾಂಧಿಯವರು 1927ರಲ್ಲಿ ದೇಹಸ್ಥಿತಿ ಕೆಟ್ಟಾಗ ಸುಮಾರು ಒಂದೂವರೆ ತಿಂಗಳು ವಿಶ್ರಾಂತಿ ಪಡೆದುದೂ, 1936ರಲ್ಲಿ ಮತ್ತೆ ಬಂದು ತಂಗಿದುದೂ ಈ ಬೆಟ್ಟದ ಮೇಲೆಯೇ. ಬುಡದ ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು. ಇಷ್ಟನ್ನು ಒಂದೇ ಹಗಲಿನಲ್ಲಿ, ಸ್ವಂತ ಕಾಲಿನ ಬಲದಿಂದ, ಯಾರ ಮರ್ಜಿಯನ್ನೂ ಕಾಯದೆ ಕಾಣಬಲ್ಲ ಸೌಲಭ್ಯವು ದೊಡ್ಡ ನಗರಗಳಲ್ಲಿ ಎಲ್ಲಕ್ಕೂ ಇಲ್ಲ.

ಆದರೆ ನಮ್ಮ ನಗರದ ಜನರು ನಂದಿಗೆ ಹೋಗುವ ರೀತಿ ಬೇರೆ. ಶನಿವಾರದ ನಡುರಾತ್ರಿ ಕಳೆಯುವುದರೊಳಗೆ ಮೋಟಾರುಗಳೂ ಮೋಟಾರು ಸೈಕಲ್ಲುಗಳೂ ಸಾಲುಗಟ್ಟುವುವು. ಸೂರ್ಯೋದಯವನ್ನು ನೋಡಲೇಬೇಕೆಂಬ ಹಟ ಎಲ್ಲರಿಗೂ. ಸೂರ್ಯನು ತಮ್ಮ ತಮ್ಮ ಮನೆಯ ಮಾಳಿಗೆಯ ಮೇಲೂ ಉದಯಿಸುತ್ತಾನೆಂಬುದನ್ನು ಇವರಿಗೆ ಯಾರೂ ಹೇಳಿದಂತೆ ಕಾಣುವುದಿಲ್ಲ. ಬೆಟ್ಟದ ಬಾಗಿಲು ತೆರೆಯುವ ಮುನ್ನವೇ ತಿರುವು ತಿರುವಿನಲ್ಲಿ ವಾಹನಗಳು ಸಿಕ್ಕಿಕೊಂಡು, ಬೆಳಗಿನ ಮಂಜು ಯಾವುದು ಗಾಡಿಯ ಹೊಗೆ ಯಾವುದು ಎಂದು ತಿಳಿಯದಂತಾಗುವುದುಂಟು. 2021ರ ಆಗಸ್ಟಿನಲ್ಲಿ ಭಾರಿ ಮಳೆಗೆ ಗುಡ್ಡ ಜರಿದು ಈ ರಸ್ತೆಯೇ ಕೊಚ್ಚಿಹೋಗಿ ಬೆಟ್ಟವು ತಿಂಗಳುಗಟ್ಟಲೆ ಮುಚ್ಚಿತ್ತು. ಬೆಟ್ಟದ ಮೇಲಣ ಮೋಟಾರು ರಸ್ತೆಗೆ ಒಂದು ಮಿತಿಯುಂಟೆಂಬುದನ್ನು ಪ್ರಕೃತಿಯೇ ತೋರಿಸಿಕೊಟ್ಟಿತೆಂದು ನಾವಾದರೂ ತಿಳಿದುಕೊಂಡಿದ್ದೆವು. ಸರಕಾರದವರು ಬೇರೆಯಾಗಿ ಆಲೋಚಿಸಿದರು. 2023ರ ಮಾರ್ಚಿನಲ್ಲಿ ರೋಪ್‌ವೇಗೆ ಶಂಕುಸ್ಥಾಪನೆಯಾಯಿತು. ವೃದ್ಧರೂ ಅಶಕ್ತರೂ ಬೆಟ್ಟದ ದೇವರನ್ನು ಕಾಣಲು ಅಂಥ ಸಾಧನವು ಬೇಕೆಂದರೆ ನಾವು ಅಡ್ಡಿ ಹೇಳುವವರಲ್ಲ. ಗಟ್ಟಿ ಕಾಲುಳ್ಳವನಿಗಾಗಿ ಹಿಂದಿನವರು ಕಡೆದಿಟ್ಟ ಮೆಟ್ಟಿಲುಗಳ ನಡುವೆ ಬೆಳೆದ ಪೊದೆಗಳನ್ನು ಕಡಿಸುವುದಕ್ಕೆ ತಗಲುವ ಹಣವು ಯಾವ ಯೋಜನೆಯಲ್ಲೂ ಏಕೆ ಕಾಣಿಸಿಕೊಳ್ಳುವುದಿಲ್ಲವೆಂಬುದೇ ನಮ್ಮ ಪ್ರಶ್ನೆ.

ಮೋಟಾರಿನಲ್ಲಿ ಹೋದವನಿಗೂ ಸ್ಟೇಷನ್ನಿನಿಂದ ನಡೆದವನಿಗೂ ಕಾಣುವ ಲೋಕ ಒಂದೇ ಅಲ್ಲ. ಈ ಮಾತಿನಲ್ಲಿ ನಾವು ಕಾವ್ಯವನ್ನು ಹೇಳುತ್ತಿಲ್ಲ, ಆಡಳಿತವನ್ನು ಹೇಳುತ್ತಿದ್ದೇವೆ. ನಂದಿಯ ಗಿರಿಶ್ರೇಣಿಯು ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಅರ್ಕಾವತಿ ಇಷ್ಟು ನದಿಗಳಿಗೆ ತವರು. ಇವುಗಳಲ್ಲಿ ಅರ್ಕಾವತಿಯು ದೊಡ್ಡಬಳ್ಳಾಪುರದ ಮೇಲೆ ಹರಿದು ಹೆಸರಘಟ್ಟಕ್ಕೆ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬೆಂಗಳೂರಿಗೆ ಮೊದಲು ನಲ್ಲಿಯ ನೀರು ಬಂದುದು ಆ ಕೆರೆಯಿಂದಲೇ. ಅದು ಸಾಲದೆ ಹೋದಾಗ 1933ರಲ್ಲಿ ಅದೇ ನದಿಗೆ ತಿಪ್ಪಗೊಂಡನಹಳ್ಳಿಯ ಕಟ್ಟೆ ಬಂದಿತು. ಅಂದರೆ ಎರಡು ಮೂರು ತಲೆಮಾರುಗಳ ಕಾಲ ಬೆಂಗಳೂರಿನವರು ಕುಡಿದುದು ನಂದಿಯ ಮಳೆಯನ್ನು. ಬಳಿಕ ಮೇಲಣ ಹಳ್ಳಗಳ ಪಾತ್ರದಲ್ಲಿ ಮನೆಗಳೆದ್ದುವು. ಕೆರೆಗೆ ಕೆರೆ ಕೂಡಿಸುತ್ತಿದ್ದ ಕಾಲುವೆಗಳು ಮುಚ್ಚಿದುವು. ನೀಲಗಿರಿಯ ತೋಪುಗಳು ಹಬ್ಬಿದುವು. ಕಲ್ಲು ಗಣಿಗಳು ಗುಡ್ಡಗಳನ್ನು ನುಂಗಿದುವು. ನದಿಯು ಬತ್ತಿತು. ಈಗ ನಾವು ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ವಿದ್ಯುತ್ತಿನ ಬಲದಿಂದ ಬೆಟ್ಟ ಹತ್ತಿಸಿ ತರುತ್ತಿದ್ದೇವೆ. 1974ರಲ್ಲಿ ಅದರ ಮೊದಲನೆಯ ಹಂತ. 2024ರಲ್ಲಿ ಐದನೆಯ ಹಂತ. ಅತ್ತ ಚಿಕ್ಕಬಳ್ಳಾಪುರದ ಸೀಮೆಯ ಬತ್ತಿದ ಕೆರೆಗಳಿಗೆ ನಮ್ಮ ಹೆಬ್ಬಾಳ ನಾಗವಾರದ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಕಳುಹಿಸುತ್ತಿದ್ದೇವೆ. ನಂದಿಯಿಂದ ನಿರ್ಮಲವಾದ ನೀರನ್ನು ಪಡೆದು ನಂದಿಯ ಸೀಮೆಗೆ ನಾವು ಹಿಂದಿರುಗಿಸಿದುದು ಇದನ್ನು.

ಈ ಸಂಗತಿಗಳೆಲ್ಲ ಕಡತಗಳಲ್ಲಿ ಇವೆ, ತಿಳಿಯದವರಾರು ಎನ್ನಬಹುದು. ಕಡತದಲ್ಲಿ ಇರುವುದು ಬೇರೆ. ಒಂದು ಒಣಗಿದ ರಾಜಕಾಲುವೆಯ ದಂಡೆಯ ಮೇಲೆ ಬಿಸಿಲಿನಲ್ಲಿ ಒಂದು ಗಳಿಗೆ ನಡೆದು, ಅದು ಎಲ್ಲಿ ಇದ್ದಕ್ಕಿದ್ದಂತೆ ಒಂದು ಹೊಸ ಬಡಾವಣೆಯ ಗೋಡೆಗೆ ಬಡಿದು ನಿಂತಿದೆಯೆಂಬುದನ್ನು ಕಣ್ಣಾರೆ ಕಾಣುವುದು ಬೇರೆ. ಹಿಂದಿನ ಕಾಲದ ಅಮಲ್ದಾರರು ಕುದುರೆಯ ಮೇಲೋ ಕಾಲ್ನಡಿಗೆಯಲ್ಲೋ ಸರ್ಕೀಟು ಹೋಗುತ್ತಿದ್ದರು. ಜಮಾಬಂದಿಯ ಕಾಲದಲ್ಲಿ ಹಳ್ಳಿಯ ಚಾವಡಿಯಲ್ಲಿ ಕುಳಿತು ರೈತನ ಮುಖ ನೋಡಿ ಮಾತನಾಡುತ್ತಿದ್ದರು. ಅವರೆಲ್ಲ ಧರ್ಮರಾಯರೆಂದು ನಾವು ಹೇಳುವುದಿಲ್ಲ. ಆದರೂ ಯಾವ ಕೆರೆಯ ತೂಬು ಎಲ್ಲಿದೆಯೆಂಬುದು ಅವರಿಗೆ ಗೊತ್ತಿತ್ತು. ಈಗಿನ ಅಧಿಕಾರಿವರ್ಗವು ವಿದ್ಯೆಯಲ್ಲಿ ಅವರಿಗಿಂತ ಮೇಲಾದುದು. ಗಾಜು ಮುಚ್ಚಿದ ವಾಹನದಲ್ಲಿ ಕುಳಿತು ಸ್ಥಳ ತನಿಖೆ ನಡೆಸಿ, ಪರದೆಯ ಮೇಲೆ ಆಕಾಶದಿಂದ ತೆಗೆದ ಚಿತ್ರವನ್ನು ನೋಡಿ ಭೂಪರಿವರ್ತನೆಗೆ ಅಪ್ಪಣೆ ಕೊಡುವುದು ಅವರಿಗೆ ಅಭ್ಯಾಸವಾಗಿದೆ. ಅವರನ್ನು ತಿಂಗಳಿಗೊಮ್ಮೆ, ಸರಕಾರಿ ಆಜ್ಞೆಯಿಂದಲ್ಲ, ಸ್ವಂತ ಸಂತೋಷಕ್ಕಾಗಿ, ಮಡದಿ ಮಕ್ಕಳೊಡನೆ ಮೂರನೆಯ ದರ್ಜೆಯ ಪ್ರಯಾಣಿಕನಂತೆ ನಂದಿ ಹಾಲ್ಟಿನಲ್ಲಿ ಇಳಿಸುವುದು ಸಾಧ್ಯವಾದರೆ ಎಷ್ಟೋ ಕಡತಗಳ ಮೇಲಣ ಷರಾ ಬದಲಾದೀತೆಂಬುದು ನಮ್ಮ ದೃಢವಾದ ನಂಬಿಕೆ. ಮೂರನೆಯ ದರ್ಜೆ ಎಂಬುದು ಈಗ ಹೆಸರಿಗಿಲ್ಲವೆಂಬುದು ನಮಗೆ ಗೊತ್ತು. ನೂಕುನುಗ್ಗಲು ಮಾತ್ರ ಹಾಗೆಯೇ ಇದೆ.

ಇನ್ನು ದಾರಿಯ ವಿಚಾರ. ರೈಲು ಇದ್ದರೆ ಸಾಲದು, ಇಳಿದ ಮೇಲೆ ನಡೆಯಲು ದಾರಿ ಬೇಕಷ್ಟೆ. ನಮ್ಮ ರೆವಿನ್ಯೂ ಇಲಾಖೆಯ ಭಾಷೆಯಲ್ಲಿ ಒಂದು ಸೊಗಸಾದ ಮಾತುಂಟು: ನಕಾಶೆ ಕಂಡ ದಾರಿ. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಪ್ರಾರಂಭವಾದ ರೆವಿನ್ಯೂ ಸರ್ವೆಯವರು ಕಂದಾಯ ಕಟ್ಟುವುದಕ್ಕಾಗಿ ಹೊಲ ಹೊಲವನ್ನೂ ಅಳೆದು ಪ್ರತಿ ಗ್ರಾಮಕ್ಕೂ ನಕಾಶೆ ಬರೆದರು. ಅವರ ಉದ್ದೇಶವು ನಮ್ಮ ಕ್ಷೇಮಕ್ಕಿಂತ ಬೊಕ್ಕಸದ ಕ್ಷೇಮವೇ ಆಗಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ಆದರೂ ಆ ನಕಾಶೆಗಳಲ್ಲಿ ಊರಿಂದ ಊರಿಗೆ ಹೋಗುವ ಬಂಡಿದಾರಿ, ಕೆರೆಗೆ ಹೋಗುವ ಕಾಲುದಾರಿ, ಗುಡಿಗೆ, ಗೋಮಾಳಕ್ಕೆ, ಸ್ಮಶಾನಕ್ಕೆ ಹೋಗುವ ದಾರಿ ಇವುಗಳನ್ನೆಲ್ಲ ಚುಕ್ಕೆಯ ಗೆರೆಗಳಿಂದ ಗುರುತಿಸಿದರು. ನಕಾಶೆಯಲ್ಲಿ ಕಂಡ ದಾರಿಯನ್ನು ಅಕ್ಕಪಕ್ಕದ ಹಿಡುವಳಿದಾರನು ಮುಚ್ಚಕೂಡದು. ಇದು ಹಳೆಯ ನಿಯಮ. ಇಂದಿಗೂ ಜಾರಿಯಲ್ಲಿರುವ ನಿಯಮ.

ನಿಯಮದ ಗತಿ ಏನಾಗಿದೆಯೆಂಬುದನ್ನು ನಡೆದವನು ಬಲ್ಲ. ಕಳೆದ ಸುಗ್ಗಿಯಲ್ಲಿ ನಾವು ಇಬ್ಬರು ಮಿತ್ರರೊಡನೆ ಬೆಟ್ಟದ ಕಡೆಗೆ ಒಂದು ಹಳೆಯ ಬಂಡಿದಾರಿಯನ್ನು ಹಿಡಿದು ಹೊರಟಾಗ ಎರಡು ಫರ್ಲಾಂಗು ಹೋಗುವುದರೊಳಗೆ ಮುಳ್ಳುತಂತಿಯ ಬೇಲಿ ಎದುರಾಯಿತು. ಬೇಲಿಯಾಚೆ ಬೇಸಾಯವೇನೂ ಇರಲಿಲ್ಲ. ನಿವೇಶನಗಳಿಗೆಂದು ನೆಟ್ಟ ಸುಣ್ಣದ ಕಲ್ಲುಗಳು ಮಾತ್ರ ಇದ್ದುವು. ಪಕ್ಕದ ಹೊಲದಲ್ಲಿ ಅವರೆ ಬಿಡಿಸುತ್ತಿದ್ದ ಮುದುಕರೊಬ್ಬರನ್ನು, "ಯಜಮಾನರೇ, ಇಲ್ಲಿ ದಾರಿ ಇತ್ತಲ್ಲವೇ?" ಎಂದು ಕೇಳಿದೆವು. "ಇತ್ತು ಸ್ವಾಮಿ, ನಮ್ಮ ತಾತನ ಕಾಲದಿಂದ ಇತ್ತು. ಈಗ ನಾವೇ ನಮ್ಮ ಹೊಲಕ್ಕೆ ಸುತ್ತಿ ಬರ್ತೀವಿ. ನೀವು ಸುತ್ತಿದ್ರೆ ಏನಾಯ್ತು?" ಎಂದರು. ಈ ಉತ್ತರವು ನಮ್ಮ ಗರ್ವವನ್ನು ಇಳಿಸಿತೆಂದೇ ಹೇಳಬೇಕು. ದಾರಿ ಮುಚ್ಚಿದ್ದರಿಂದ ನಮಗೆ ಹೋದುದು ಒಂದು ಭಾನುವಾರದ ಸಂತೋಷ. ಅವರಿಗೆ ಹೋದುದು ಪ್ರತಿದಿನದ ಅರ್ಧ ಗಂಟೆಯ ದುಡಿಮೆ. ತರುವಾಯ ಈ ಸಂಬಂಧವಾಗಿ ಒಂದು ಕಚೇರಿಗೆ ಹೋಗಿ ಆ ಗ್ರಾಮದ ನಕಾಶೆಯನ್ನು ಕೇಳಿದಾಗ ಅಲ್ಲಿಯ ಗುಮಾಸ್ತರು, "ನಿಮಗೆ ಆ ಊರಿನಲ್ಲಿ ಜಮೀನಿದೆಯೇ?" ಎಂದು ವಿಚಾರಿಸಿದರು. ಇಲ್ಲವೆಂದೆವು. "ಹಾಗಾದರೆ ದಾರಿ ಏಕೆ?" ಎಂದರು. ಜಮೀನಿಲ್ಲದವನಿಗೆ ದಾರಿಯೂ ಇಲ್ಲವೆಂಬ ಈ ತತ್ವವನ್ನು ಅವರು ಯಾವ ಕಾನೂನಿನಲ್ಲಿ ಓದಿದರೋ ತಿಳಿಯದು.

ದಾರಿ ಇಲ್ಲದಿದ್ದರೆ ಜನರು ನಡೆಯದೆ ಇರುವುದಿಲ್ಲ. ನಡೆಯಬಾರದ ಕಡೆ ನಡೆಯುತ್ತಾರೆ. ದೊಡ್ಡಬಳ್ಳಾಪುರದಾಚೆಯ ಮಾಕಳಿದುರ್ಗ ಇದಕ್ಕೆ ನಿದರ್ಶನ. ಅಲ್ಲಿಯೂ ಒಂದು ಚಿಕ್ಕ ಸ್ಟೇಷನ್ನಿದೆ. ಬಳಿಯಲ್ಲೇ ಕೋಟೆಯಿರುವ ಬೆಟ್ಟವಿದೆ. ಬೆಟ್ಟ ಹತ್ತಲು ಅರಣ್ಯ ಇಲಾಖೆಯವರಿಂದ ಅನುಮತಿ ಪಡೆಯಬೇಕು, ಅದು ನ್ಯಾಯವೇ. ಆದರೆ ಸ್ಟೇಷನ್ನಿನಿಂದ ಬೆಟ್ಟದ ಬುಡಕ್ಕೆ ಹೋಗುವ ಹುಡುಗರು ಹಿಡಿಯುವುದು ರೈಲಿನ ಹಳಿಗಳನ್ನು. 1989ರ ರೈಲ್ವೆ ಕಾಯಿದೆಯ 147ನೆಯ ಕಲಮಿನ ಪ್ರಕಾರ ಹಳಿಯ ಮೇಲೆ ಅಕ್ರಮವಾಗಿ ನಡೆಯುವುದು ಆರು ತಿಂಗಳ ಸೆರೆಗೆ ಗುರಿಯಾಗಬಹುದಾದ ಅಪರಾಧ. ಪ್ರಾಣಕ್ಕೇ ಅಪಾಯವಾಗುವುದು ಬೇರೆ ಮಾತು. ಎಚ್ಚರಿಕೆಯ ಫಲಕವನ್ನು ಹಾಕಿ ಕೈತೊಳೆದುಕೊಳ್ಳುವುದಕ್ಕಿಂತ ಹಳಿಯಿಂದ ದೂರವಾಗಿ ಒಂದು ಕಾಲುದಾರಿಯನ್ನು ಸವರಿಸಿ ಕೊಡುವುದು ರೈಲ್ವೆಯವರಿಗೂ ಜಿಲ್ಲಾಡಳಿತಕ್ಕೂ ಕಷ್ಟದ ಕೆಲಸವೇ?

ಪರದೇಶದ ಉದಾಹರಣೆಯನ್ನು ಕೊಟ್ಟಾಗಲೆಲ್ಲ ನಮ್ಮ ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕುವುದುಂಟು. ಆದರೂ ಒಂದನ್ನು ಹೇಳದೆ ವಿಧಿಯಿಲ್ಲ. ಇಂಗ್ಲೆಂಡಿನಲ್ಲಿ ಬೆಟ್ಟಗಾಡುಗಳನ್ನು ಬೇಟೆಗೆಂದು ಶ್ರೀಮಂತರು ಮುಚ್ಚಿಕೊಂಡಿದ್ದ ಕಾಲದಲ್ಲಿ, 1932ರ ಏಪ್ರಿಲ್ 24ರಂದು, ಮ್ಯಾಂಚೆಸ್ಟರ್ ಮೊದಲಾದ ಯಂತ್ರನಗರಗಳ ನೂರಾರು ಮಂದಿ ಕೆಲಸಗಾರರು ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ಬಹಿರಂಗವಾಗಿ ನಡೆದು ಹೋದರು. ನಮ್ಮ ದೇಶದಲ್ಲಿ ಸತ್ಯಾಗ್ರಹಿಗಳು ಸೆರೆಮನೆಗಳನ್ನು ತುಂಬಿದ್ದ ವರ್ಷವೇ ಅದು. ಅಲ್ಲಿಯೂ ಕೆಲವರಿಗೆ ಸೆರೆವಾಸವಾಯಿತು. 1949ರಲ್ಲಿ ಅದೇ ದೇಶದ ಪಾರ್ಲಿಮೆಂಟು ಪ್ರತಿಯೊಂದು ಸಾರ್ವಜನಿಕ ಕಾಲುದಾರಿಯನ್ನೂ ನಕಾಶೆಯಲ್ಲಿ ಗುರುತಿಸಿ ರಕ್ಷಿಸಬೇಕೆಂದು ಕಾನೂನು ಮಾಡಿತು. 2000ದಲ್ಲಿ ಬೆಟ್ಟಗಾಡುಗಳಲ್ಲಿ ತಿರುಗಾಡುವ ಹಕ್ಕನ್ನೂ ಕೊಟ್ಟಿತು. ನಮ್ಮಲ್ಲಿ ನಕಾಶೆಯು ಮೊದಲೇ ಇದೆ. ಅವರು ಹೊಸದಾಗಿ ಮಾಡಬೇಕಾದುದನ್ನು ನಾವು ಬೀರುವಿನಿಂದ ತೆಗೆದರೆ ಸಾಕು.

ರೈತರ ಆಕ್ಷೇಪಣೆಯನ್ನು ನಾವು ಕಡೆಗಣಿಸಲಾರೆವು. ಅದರಲ್ಲಿ ಸತ್ಯಾಂಶ ಹೆಚ್ಚಾಗಿಯೇ ಇದೆ. ನಗರದಿಂದ ಬಂದವರು ಬೆಳೆಯ ನಡುವೆ ನುಗ್ಗುವುದು, ದ್ರಾಕ್ಷಿಯ ಗೊನೆಗೆ ಕೈಹಾಕುವುದು, ಬಂಡೆಯ ಮೇಲೆ ಹೆಸರು ಕೆತ್ತುವುದು, ಸೀಸೆಗಳನ್ನು ಕುಡಿದು ಒಡೆಯುವುದು ಇವೆಲ್ಲ ನಡೆಯುತ್ತಿವೆ. ಬರಿಗಾಲಿನಲ್ಲಿ ಗೇಯುವವನ ಹೊಲದಲ್ಲಿ ಗಾಜಿನ ಚೂರನ್ನು ಬಿಟ್ಟು ಬರುವವನಿಗೆ ಪ್ರಕೃತಿಪ್ರೇಮಿಯೆಂಬ ಹೆಸರು ಸಲ್ಲದು. ಅವನನ್ನು ಪೊಲೀಸರಿಗೆ ಒಪ್ಪಿಸುವುದೇ ಯೋಗ್ಯ. ನಮ್ಮ ಅನುಭವದಲ್ಲಿ ಇಂಥ ಪುಂಡಾಟಿಕೆಯು ವಾಹನದಲ್ಲಿ ಬಂದು ವಾಹನದಲ್ಲಿ ಹೋಗುವವರಲ್ಲಿ ಹೆಚ್ಚು. ಹೊತ್ತು ನಡೆಯಬೇಕಾದವನು ಸೀಸೆಗಳನ್ನು ತರುವುದು ಕಡಿಮೆ. ನೀರು ಕೇಳಬೇಕಾದವನು ಊರವರೊಡನೆ ಮರ್ಯಾದೆಯಿಂದ ನಡೆದುಕೊಳ್ಳುವುದು ಸ್ವಾಭಾವಿಕ. ಸ್ಟೇಷನ್ನಿನಿಂದ ಬೆಟ್ಟದವರೆಗೆ ದಾರಿಯಲ್ಲಿ ಸಿಕ್ಕುವ ಹಳ್ಳಿಗಳಲ್ಲಿ ಮಜ್ಜಿಗೆ, ಎಳನೀರು, ಕಾಲಕ್ಕೆ ತಕ್ಕ ಹಣ್ಣು ಮಾರುವ ನಾಲ್ಕು ಮನೆಗಳಿಗೆ ಅದರಿಂದ ಒಂದಿಷ್ಟು ಸಂಪಾದನೆಯೂ ಆದೀತು. ಮೋಟಾರಿನವರ ದುಡ್ಡು ಹೆದ್ದಾರಿಯ ದೊಡ್ಡ ಹೋಟೆಲುಗಳನ್ನು ದಾಟಿ ಹಳ್ಳಿಯೊಳಕ್ಕೆ ಬರುವುದು ಅಪರೂಪ.

ನಾವು ಕೇಳುವುದು ಹೆಚ್ಚೇನಲ್ಲ. ರೈಲ್ವೆಯವರು ವಾರದ ದಿನಗಳ ಕಚೇರಿ ನೌಕರರನ್ನೂ ವಿಮಾನ ನಿಲ್ದಾಣದ ಕೆಲಸಗಾರರನ್ನೂ ಮನಸ್ಸಿನಲ್ಲಿಟ್ಟುಕೊಂಡು ವೇಳಾಪಟ್ಟಿಯನ್ನು ಮಾಡುವುದು ಸರಿಯೇ. ಅದರೊಡನೆ ಭಾನುವಾರ ಮತ್ತು ಹಬ್ಬದ ದಿನಗಳಂದು ಬೆಳಗ್ಗೆ ಹೋಗಲು ಒಂದು ಗಾಡಿ, ಕತ್ತಲಾಗುವ ಮುನ್ನ ಮರಳಲು ಒಂದು ಗಾಡಿ ಖಂಡಿತವಾಗಿ ಇರುವಂತೆ ಏರ್ಪಡಿಸಲಿ. ಅವೆರಡೂ ನಂದಿ ಹಾಲ್ಟಿನಂಥ ಚಿಕ್ಕ ಸ್ಟೇಷನ್ನುಗಳಲ್ಲಿ ನಿಲ್ಲಲಿ. ಜನ ಕಡಿಮೆಯೆಂಬ ಕಾರಣದಿಂದ ನಿಲುಗಡೆಯನ್ನು ತೆಗೆದುಹಾಕುವುದು, ನಿಲುಗಡೆ ಇಲ್ಲದ್ದರಿಂದ ಜನ ಕಡಿಮೆಯಾಗುವುದು, ಈ ಗಾಣದ ಸುತ್ತು ನಮಗೆ ಹೊಸದಲ್ಲ. ಈ ಹಾದಿಯ ಹಳೆಯ ಸ್ಟೇಷನ್ ಕಟ್ಟಡಗಳಲ್ಲಿ ಕೆಲವನ್ನು ಇಂಟ್ಯಾಕ್ ಸಂಸ್ಥೆಯವರು ಇತ್ತೀಚೆಗೆ ಜೀರ್ಣೋದ್ಧಾರಕ್ಕೆ ಕೈಗೆತ್ತಿಕೊಂಡುದು ಶ್ಲಾಘ್ಯ. ಹೆಂಚು ಸರಿಪಡಿಸಿದ ಕಟ್ಟಡದ ಮುಂದೆ ಗಾಡಿಯು ನಿಲ್ಲದೆ ಹೋದರೆ ಮಾತ್ರ ಅದು ದೇವರಿಲ್ಲದ ಗುಡಿಯಾದೀತು.

ಚಿಕ್ಕಬಳ್ಳಾಪುರದ ಜಿಲ್ಲಾಧಿಕಾರಿಗಳಲ್ಲಿ ನಮ್ಮ ಬಿನ್ನಹ ಬೇರೆ. ನಂದಿ ಹಾಲ್ಟಿಗೂ ಬೆಟ್ಟದ ಬುಡಕ್ಕೂ ನಡುವಿನ ಕೆಲವೇ ಗ್ರಾಮಗಳ ನಕಾಶೆಗಳನ್ನು ಅವರು ತರಿಸಲಿ. ಒಬ್ಬ ಸರ್ವೆಯರನ್ನೂ ಆಯಾ ಊರಿನ ಇಬ್ಬರು ಹಿರಿಯರನ್ನೂ ಜೊತೆಗೂಡಿಸಿ ಚುಕ್ಕೆಯ ಗೆರೆಗಳ ಜಾಡು ಹಿಡಿದು ನಡೆಯಿಸಲಿ. ಬೇಲಿ ಬಿದ್ದ ಕಡೆ ಬೇಲಿ ತೆಗೆಸಲಿ. ಬೆಳೆ ಇದ್ದ ಕಡೆ ಕೊಯ್ಲಿನವರೆಗೆ ಕಾಯಲಿ. ಆಮೇಲೆ ದಾರಿ ಕವಲೊಡೆಯುವ ಸ್ಥಳಗಳಲ್ಲಿ ಮೊಣಕಾಲೆತ್ತರದ ಕಲ್ಲನ್ನು ನೆಟ್ಟು, ಮುಂದಿನ ಊರಿನ ಹೆಸರನ್ನೂ ದೂರವನ್ನೂ ಕನ್ನಡದಲ್ಲಿ ಕೆತ್ತಿಸಲಿ. ಒಂದು ಮಳೆಗಾಲ ಕಳೆದು ಇನ್ನೊಂದು ಬರುವುದರೊಳಗೆ ಮುಗಿಯಬಹುದಾದ ಕೆಲಸ ಇದು. ಹಣದ ಅಭಾವವೆಂಬ ಉತ್ತರ ಬಂದರೆ ನಾವು ನಂಬುವುದು ಕಷ್ಟ. ಗುಡ್ಡಗಳನ್ನು ಹಗಲಿರುಳೂ ಸಿಡಿಸಿ ಲಾರಿಗಳಲ್ಲಿ ಬೆಂಗಳೂರಿಗೆ ಸಾಗಿಸುತ್ತಿರುವ ಆ ಜಿಲ್ಲೆಯಲ್ಲಿ ಕಲ್ಲಿನ ಅಭಾವವೆಂಬ ಉತ್ತರವಂತೂ ಬರಲಾರದು.